ಕಟ್ಟಿನೊಳಗಿನ ಬಿಳಿ ತೇಪೆ

"ಕಳ್ಳತನ ಆಗಿದೆ," ಎಂದರು ಫ್ರೂ ಬಿರ್ಕೆಲಾಂಡ್.

"ಏನು ಹೋಗಿದೆ?"

"ಒಂದು ಮನೆ."

ಇನ್ಸ್‌ಪೆಕ್ಟರ್ ಎಂಬ್ರಿಕ್ ಸೂಲ್‌ಹೈಮ್ ಪೆನ್ನು ಕೆಳಗಿಟ್ಟ. ದೋಣಿ ಕದ್ದವರನ್ನು ಕಂಡಿದ್ದ, ಚರ್ಚಿನ ಗಂಟೆ ಕದ್ದವನನ್ನೂ ಕಂಡಿದ್ದ. ಮನೆ ಕದ್ದವರನ್ನು ಮಾತ್ರ ಕಂಡಿರಲಿಲ್ಲ.

ಈಸ್ಟರ್ ರಜೆ ಆಗಷ್ಟೇ ಮುಗಿದಿತ್ತು. ಸುಂಡ್‌ವಿಕ್ ಪಟ್ಟಣದಲ್ಲಿ ಎಲ್ಲರ ಮೂಗೂ ಹಿಮದ ಬಿಸಿಲಿಗೆ ಸುಟ್ಟು ಕೆಂಪಗಾಗಿತ್ತು. ವಾರವಿಡೀ ಬೆಟ್ಟದ ಮೇಲಿನ ಮರದ ಮನೆಯಲ್ಲಿ ಕೂತು, ಕಿತ್ತಳೆ ಸುಲಿಯುತ್ತ ಪತ್ತೇದಾರಿ ಕಾದಂಬರಿ ಓದಿ ಬಂದವರು ಒಲ್ಲದ ಮನಸ್ಸಿನಿಂದ ಕೆಲಸಕ್ಕೆ ಮರಳಿದ್ದರು. ಸೂಲ್‌ಹೈಮ್‌ನ ಕಾದಂಬರಿಯಲ್ಲಿ ಕೊಲೆಗಾರ ಸಿಕ್ಕುವ ಮೊದಲೇ ರಜೆ ಮುಗಿದಿತ್ತು. ಆ ಸಿಟ್ಟು ಅವನಿಗೆ ಇನ್ನೂ ಇಳಿದಿರಲಿಲ್ಲ.

ಫ್ರೂ, ಅಂದರೆ ಶ್ರೀಮತಿ, ಬಿರ್ಕೆಲಾಂಡ್ ಊರಿನ ವಸತಿ ಕಚೇರಿಯ ಮುಖ್ಯಸ್ಥೆ. ಅವರು ಮೇಜಿನ ಮೇಲೆ ಉದ್ದನೆಯ ಮಡಿಕೆ ಕಾಗದ ಹರಡಿದರು.

"ಲಿಯೆನ್ ಗುಡ್ಡದ ಮೇಲೆ ಹೊಸ ಮನೆಗಳಾಗಿವೆಯಲ್ಲ, ಅದರ ಸರದಿ ಪಟ್ಟಿ ಇದು. ಮನೆ ಎಷ್ಟು ಇಕ್ಕಟ್ಟು, ಎಷ್ಟು ಶೀತ, ಮಕ್ಕಳೆಷ್ಟು, ಎಷ್ಟು ವರ್ಷದಿಂದ ಕಾಯ್ತಿದಾರೆ, ಎಲ್ಲಕ್ಕೂ ಅಂಕ ಉಂಟು. ಕೂಡೋದು ಕಂಪ್ಯೂಟರ್. ಮೊದಲನೇ ಹೆಸರು ನೋಡಿ."

"ಗುನ್ವೋರ್ ಐಡೆ. ಯಾರಿದು?"

"ಅದೇ ಕಂಪ್ಯೂಟರ್ ನಡೆಸೋಳು. ಹೋದ ವರ್ಷ ಪಟ್ಟಿಯ ತಳದಲ್ಲಿದ್ದಳು. ಈ ವರ್ಷ ನೆತ್ತಿ ಮೇಲೆ ಕೂತಿದಾಳೆ. ನಾನೇನು ಕಣ್ಣು ಮುಚ್ಚಿಕೊಂಡು ಕೀಲಿಕೈ ಕೊಡಬೇಕಾ?"

"ಯಾವಾಗ ಕೊಡ್ತೀರಿ?"

"ಶನಿವಾರ. ಅಷ್ಟರೊಳಗೆ ಇವಳು ಮೋಸ ಮಾಡಿಲ್ಲ ಅಂತ ನೀವು ಹೇಳಬೇಕು. ಇಲ್ಲದಿದ್ದರೆ ಹೆಸರು ಹೊಡೆದು ಹಾಕ್ತೀನಿ. ಮೋಸ ಮಾಡಿದವರು ಮತ್ತೆ ಅರ್ಜಿ ಹಾಕೋ ಹಾಗೂ ಇಲ್ಲ."

* * *

ಊರಿನ ಕಂಪ್ಯೂಟರ್ ಇದ್ದ ಲೆಕ್ಕ ಕೇಂದ್ರದಲ್ಲಿ ಮಾತಾಡಬೇಕಾದರೆ ಗಂಟಲು ಏರಿಸಬೇಕು. ತೂತು ಹೊಡೆದ ಕಾರ್ಡುಗಳನ್ನು ಓದುವ ಯಂತ್ರ ಒಂದು ಕಡೆ ಪಟಪಟ ಎನ್ನುತ್ತಿತ್ತು, ಅಚ್ಚಿನ ಯಂತ್ರ ಇನ್ನೊಂದು ಕಡೆ ಕೂಗುತ್ತಿತ್ತು. ಮುಖ್ಯಸ್ಥ ಆರ್ವಿದ್ ಕ್ರಾಗ್ ಗಾಜಿನ ಬಾಗಿಲು ಮುಚ್ಚಿ ಸೂಲ್‌ಹೈಮ್‌ನನ್ನು ಕೂರಿಸಿದ. ಎತ್ತರದ ಮನುಷ್ಯ, ಮೃದು ಮಾತು. ಅವನ ಮೂಗು ಎಲ್ಲರಿಗಿಂತ ಕೆಂಪಗಿತ್ತು.

"ನನಗೆ ನಿಜಕ್ಕೂ ಬೇಜಾರಾಗಿದೆ," ಎಂದ ಕ್ರಾಗ್. "ಅವಳನ್ನ ಕೆಲಸಕ್ಕೆ ತಗೊಂಡವನು ನಾನೇ. ಆದರೆ ರಾತ್ರಿ ಪಾಳಿಲಿ ಅವಳೊಬ್ಬಳೇ ಇರ್ತಾಳೆ. ಅವಕಾಶ ಇತ್ತು, ಅಗತ್ಯನೂ ಇತ್ತು. ಸದ್ಯಕ್ಕೆ ಮನೇಲೇ ಇರು ಅಂದಿದೀನಿ."

"ಕಂಪ್ಯೂಟರಿಗೆ ಹೇಗೆ ಮೋಸ ಮಾಡ್ತಾರೆ? ನನಗೆ ರೇಡಿಯೋ ತಿರುಗಿಸೋದೂ ಸರಿಯಾಗಿ ಬರಲ್ಲ. ಬಿಡಿಸಿ ಹೇಳಿ."

ಕ್ರಾಗ್‌ಗೆ ಪಾಠ ಹೇಳುವುದು ಇಷ್ಟವೆಂದು ಕಂಡಿತು. ಕುರ್ಚಿ ಮುಂದಕ್ಕೆಳೆದುಕೊಂಡ.

"ಪ್ರೋಗ್ರಾಂನ ನಾವು ಮನುಷ್ಯರು ಓದೋ ಹಾಗೆ ಬರೀತೀವಿ. ಯಂತ್ರ ಅದನ್ನ ಒಂದು ಸಲ ತನ್ನ ಭಾಷೆಗೆ ತಿರುಗಿಸಿ, ಹೊಸ ಕಾರ್ಡುಗಳ ಮೇಲೆ ತೂತು ಹೊಡೆದು ಕೊಡತ್ತೆ. ಆಮೇಲೆ ಓಡಿಸೋದೆಲ್ಲ ಈ ಕಾರ್ಡಿನ ಕಟ್ಟನ್ನೇ. ಮೂಲ ಬರಹ ಬೀರುವಿನಲ್ಲಿರತ್ತೆ."

"ಕಟ್ಟಿನಲ್ಲಿ ತಪ್ಪು ಕಂಡರೆ?"

"ಮತ್ತೆ ಮೊದಲಿಂದ ತಿರುಗಿಸಿದರೆ ಅರ್ಧ ದಿನ ಹಾಳು. ಹೊರಗೆ ಊರಿನ ಕಚೇರಿಗಳೆಲ್ಲ ಕಾಯ್ತಾ ನಿಂತಿರ್ತಾವೆ. ಅದಕ್ಕೇ ತೇಪೆ ಹಾಕ್ತೀವಿ. ಇಂಥ ಜಾಗದಲ್ಲಿರೋದನ್ನ ತೆಗೆದು ಇದನ್ನ ಇಡು, ಅಂತ ಒಂದು ಕಾರ್ಡು. ಕೊನೇ ಕಾರ್ಡಿನ ಮುಂಚೆ ತೂರಿಸಿದರಾಯ್ತು."

"ಯಾರು ಬೇಕಾದರೂ ತೂರಿಸಬಹುದಲ್ಲ?"

"ನಮ್ಮಲ್ಲಿ ಪದ್ಧತಿ ಉಂಟು. ತೇಪೆ ಅಂದರೆ ಗುಲಾಬಿ ಬಣ್ಣದ ಕಾರ್ಡೇ ಆಗಬೇಕು. ಉಳಿದದ್ದೆಲ್ಲ ಬಿಳಿ. ಕಣ್ಣಿಗೆ ಹೊಡೆಯೋ ಹಾಗಿರಬೇಕು ನೋಡಿ."

ಮೇಜಿನ ಮೇಲೆ ಕಾರ್ಡುಗಳ ಕಟ್ಟೊಂದಿತ್ತು. ಅದರ ಮೇಲಂಚಿನಲ್ಲಿ ಈ ಮೂಲೆಯಿಂದ ಆ ಮೂಲೆಗೆ ಹಸಿರು ಶಾಯಿಯ ಓರೆ ಗೆರೆ. ಸೂಲ್‌ಹೈಮ್ ಅದರ ಮೇಲೆ ಬೆರಳಾಡಿಸಿದ. ಕಂಡದ್ದನ್ನೆಲ್ಲ ಮುಟ್ಟುವ ಚಾಳಿ ಅವನಿಗೆ ಚಿಕ್ಕಂದಿನಿಂದಲೂ ಇತ್ತು.

"ಇದೇನು ಗೆರೆ?"

"ಕಟ್ಟು ಕೈಜಾರಿ ಬಿದ್ದರೆ ಮತ್ತೆ ಜೋಡಿಸೋಕೆ. ಪ್ರತಿ ಕಾರ್ಡಿನ ಅಂಚಿಗೂ ಒಂದು ಚುಕ್ಕೆ ಬೀಳತ್ತೆ, ಚುಕ್ಕೆ ಸಾಲಾಗಿ ಕೂತರೆ ಕ್ರಮ ಸರಿ. ಹೊಸ ಕಟ್ಟು ಯಂತ್ರದಿಂದ ಬಂದ ಕೂಡಲೇ ಎಳೀತೀವಿ. ಹಸಿರು ನಂದು. ನಮ್ಮ ಹೊಸ ಹುಡುಗ ಯೋಸ್ತೈನ್‌ದು ಕೆಂಪು."

"ಸರದಿ ಪಟ್ಟಿ ಕಟ್ಟಿನ ಮೇಲೆ ಯಾವ ಬಣ್ಣ?"

ಕ್ರಾಗ್ ಕಟ್ಟನ್ನು ತನ್ನ ಕಡೆ ಎಳೆದುಕೊಂಡ. "ಈಗ ಕೆಂಪು. ನಾನು ರಜೆಯಲ್ಲಿದ್ದಾಗ ಯೋಸ್ತೈನ್ ಅದನ್ನ ಹೊಸದಾಗಿ ತಿರುಗಿಸಿದಾನೆ. ನನ್ನನ್ನ ಒಂದು ಮಾತೂ ಕೇಳಲಿಲ್ಲ. ಬಂದ ಕೂಡಲೇ ಹಳೇ ಕಟ್ಟು ಎಲ್ಲಪ್ಪಾ ಅಂದೆ. ಬಿಸಾಕಿದೆ ಅಂದ."

* * *

ಗುನ್ವೋರ್ ಐಡೆಯ ಮನೆ ಲೆಕ್ಕ ಕೇಂದ್ರದ ಎದುರಿಗೇ, ರಸ್ತೆಯಾಚೆ. ಯುದ್ಧದಲ್ಲಿ ಜರ್ಮನ್ ಸೈನಿಕರು ಕಟ್ಟಿ ಬಿಟ್ಟುಹೋದ ಮರದ ಬರಾಕು. ಗೋಡೆಗೆ ಅಂಟಿಸಿದ ಕಾಗದ ಶೀತಕ್ಕೆ ಉಬ್ಬಿ ನಿಂತಿತ್ತು. ಒಳಕೋಣೆಯಲ್ಲಿ ಮಗು ಕೆಮ್ಮುತ್ತಿತ್ತು.

"ಕಾಫಿ ಕುಡೀತೀರಾ, ಇಲ್ಲ ಬೇಡಿ ಹಾಕೋಕೆ ಬಂದಿದೀರಾ?" ಎಂದಳು ಗುನ್ವೋರ್.

"ಮೊದಲು ಕಾಫಿ."

ಅವಳು ಸುರಿದು ಕೊಟ್ಟಳು. ಮೂವತ್ತರ ಆಸುಪಾಸಿನ ಹೆಂಗಸು. ಗಂಡ ಮೀನು ಹಿಡಿಯಲು ಹೋಗಿ ಮರಳಿರಲಿಲ್ಲ. ಕಣ್ಣಿನ ಸುತ್ತ ನಿದ್ದೆಗೇಡಿನ ಕಪ್ಪು ಇತ್ತು. ದನಿಯಲ್ಲಿ ಮಾತ್ರ ಅಂಜಿಕೆ ಇರಲಿಲ್ಲ.

"ನೀವು ಪಟ್ಟಿ ತಿದ್ದಿದ್ರಾ?"

"ತಿದ್ದೋ ಹಾಗಿದ್ದರೆ ಇಷ್ಟು ವರ್ಷ ಯಾಕೆ ಕಾಯ್ತಿದ್ದೆ? ಟೂನೆಗೆ ಮೂರು ತುಂಬೋದರೊಳಗೇ ತಿದ್ದುತಿದ್ದೆ." ಅವಳು ಒಳಕೋಣೆಯ ಕಡೆ ತಲೆ ಆಡಿಸಿದಳು. "ಇನ್ನೊಂದು ಚಳಿಗಾಲ ಇಲ್ಲಿ ಇಟ್ಕೋಬೇಡಿ ಅಂತ ಡಾಕ್ಟರು ಹೇಳಿದಾರೆ. ಪುಪ್ಪುಸ ತಡೆಯಲ್ಲವಂತೆ. ಎಲ್ಲಿಗೆ ಕರಕೊಂಡು ಹೋಗಲಿ, ನೀವೇ ಹೇಳಿ."

ಸೂಲ್‌ಹೈಮ್ ಕಿಟಕಿಯಾಚೆ ನೋಡಿದ. ಅಕ್ಕಪಕ್ಕದ ಬರಾಕುಗಳ ಬಾಗಿಲಿಗೆ ಹಲಗೆ ಹೊಡೆದಿತ್ತು.

"ನೆರೆಯವರೆಲ್ಲ ಎಲ್ಲಿ?"

"ಮನೆ ಸಿಕ್ಕಿ ಹೋದರು. ಒಬ್ಬೊಬ್ಬರಾಗಿ."

"ನಿಮಗಿಂತ ಮುಂಚೆ ಅರ್ಜಿ ಹಾಕಿದವರಾ?"

"ಆಮೇಲೆ ಹಾಕಿದವರು. ಆ ಕೊನೇ ಮನೆಯವರಿಗೆ ಅರ್ಜಿ ತುಂಬಿಕೊಟ್ಟವಳೇ ನಾನು. ಅವರಿಗೂ ಒಂದೇ ಮಗು, ಅವರದ್ದೂ ಇದೇ ಶೀತ."

"ಕಚೇರಿಯವರನ್ನ ಕೇಳಲಿಲ್ವಾ?"

"ಕೇಳಿದೆ. ಯಂತ್ರ ಹೇಳಿದ್ದೇ ಸರಿ ಅಂದರು. ಯಂತ್ರ ನಡೆಸೋಳು ನಾನು, ನನಗೇ ಆ ಮಾತು." ಗುನ್ವೋರ್ ನಕ್ಕಳು. ಆ ನಗೆ ನೋಡಲು ಹಿತವಾಗಿರಲಿಲ್ಲ.

ಸೂಲ್‌ಹೈಮ್ ಕಾಫಿ ಅರ್ಧಕ್ಕೇ ಬಿಟ್ಟು ಎದ್ದ. ಅವನಿಗೆ ಏನೋ ಹೊಳೆದಾಗ ಹಾಗೆಯೇ. ಹೆಂಡತಿ ಇದಕ್ಕಾಗಿ ಅವನನ್ನು ಎಷ್ಟೋ ಸಲ ಬೈದಿದ್ದಳು.

* * *

"ಕೈಯಲ್ಲೇ ಕೂಡಬೇಕಾ?" ಫ್ರೂ ಬಿರ್ಕೆಲಾಂಡ್ ಕಣ್ಣರಳಿಸಿದರು. "ಯಂತ್ರ ಬಂದ ಮೇಲೆ ಇಲ್ಲಿ ಯಾರೂ ಕೈಯಲ್ಲಿ ಕೂಡಿಲ್ಲ."

"ಒಬ್ಬರದ್ದು ಸಾಕು. ಗುನ್ವೋರ್‌ದು. ನಿಯಮ ನೀವು ಓದಿ, ನಾನು ಕೂಡ್ತೀನಿ."

ಇಬ್ಬರೂ ಪೆನ್ಸಿಲ್ ಹಿಡಿದು ಶಾಲೆಯ ಮಕ್ಕಳ ಹಾಗೆ ಕೂತರು. ಶೀತಕ್ಕಿಷ್ಟು, ಮಗುವಿಗಿಷ್ಟು, ಕಾದ ವರ್ಷಗಳಿಗಿಷ್ಟು. ಮೊತ್ತ ಬಂತು. ಹೊಸ ಪಟ್ಟಿಯಲ್ಲಿದ್ದ ಅಂಕವೂ ಅದೇ. ಹೋದ ವರ್ಷದ ಲೆಕ್ಕ ಮಾಡಿದರು. ಹಳೆಯ ಪಟ್ಟಿಯಲ್ಲಿದ್ದದ್ದು ಸರಿಯಾಗಿ ಅದರ ಅರ್ಧ. ಅದರ ಹಿಂದಿನ ವರ್ಷವೂ ಅರ್ಧವೇ.

ಫ್ರೂ ಬಿರ್ಕೆಲಾಂಡ್ ಮತ್ತೊಮ್ಮೆ ಕೂಡಿದರು. ಅವರ ಕಿವಿ ಕೆಂಪಾಯಿತು.

"ಅಂದರೆ ಈ ವರ್ಷದ್ದು ಕಳ್ಳತನ ಅಲ್ಲ," ಎಂದ ಸೂಲ್‌ಹೈಮ್. "ಕಳ್ಳತನ ಆಗದೆ ಇರೋದು ಈ ವರ್ಷ ಮಾತ್ರ."

"ನಾನು ಅವಳ ಮೇಲೆ ದೂರು ಕೊಟ್ಟೆನಲ್ರೀ."

"ಕೊಟ್ಟಿದ್ದು ಒಳ್ಳೇದೇ ಆಯ್ತು. ಇಲ್ಲದಿದ್ದರೆ ಇದನ್ನ ಯಾರು ಕೂಡ್ತಿದ್ರು? ಆದರೆ ಯಾರಿಗೂ ಹೇಳಬೇಡಿ. ಅವಳ ಮೇಲೇ ಸಂಶಯ ಅಂತಿರಲಿ."

* * *

ಯೋಸ್ತೈನ್ ಹೋದ ಶರತ್ಕಾಲದಲ್ಲಷ್ಟೇ ಕೇಂದ್ರಕ್ಕೆ ಸೇರಿದ್ದ ಪ್ರೋಗ್ರಾಂಗಾರ. ಸೂಲ್‌ಹೈಮ್ ಅವನನ್ನು ಊಟದ ಹೊತ್ತಿನಲ್ಲಿ ಹಿಡಿದ. ಕ್ರಾಗ್ ಆಗ ಪುರಸಭೆಗೆ ಹೋಗಿದ್ದ.

"ಕಟ್ಟನ್ನ ಹೊಸದಾಗಿ ತಿರುಗಿಸು ಅಂದವರು ಯಾರು?"

"ಯಾರೂ ಅಲ್ಲ. ಹಳೇ ಕಾರ್ಡುಗಳ ಅಂಚು ಸವೆದು ಯಂತ್ರದ ಬಾಯಲ್ಲಿ ಸಿಕ್ಕಿಕೊಳ್ತಾ ಇದ್ವು. ರಜೆಯಲ್ಲಿ ಯಂತ್ರ ಖಾಲಿ ಇತ್ತು. ಒಳ್ಳೇ ಕೆಲಸ ಅಂತ ಮಾಡಿದೆ. ಈಗ ನನ್ನ ಕುತ್ತಿಗೆಗೇ ಬಂತು."

"ಮೂಲ ಬರಹದಲ್ಲಿ ಏನಾದರೂ ಬದಲಾಯಿಸಿದ್ಯಾ?"

"ಒಂದಕ್ಷರನೂ ಇಲ್ಲ."

"ತೇಪೆಗಳು ಮೂಲ ಬರಹದಲ್ಲಿ ಇರಲ್ಲ ಅಲ್ವಾ?"

"ಇರಲ್ಲ. ಇಲ್ಲಿ ಎಲ್ಲರೂ ಜಾರಿ ಬೀಳೋ ಜಾಗ ಅದೇ. ಹೊಸದಾಗಿ ತಿರುಗಿಸಿ ತೇಪೆ ಮರೀತಾರೆ, ಹಳೇ ತಪ್ಪೆಲ್ಲ ಎದ್ದು ಕೂರತ್ತೆ. ನಾನು ಮರೀಲಿಲ್ಲ. ಗುಲಾಬಿ ಕಾರ್ಡೆಲ್ಲ ಆರಿಸಿ ಹೊಸ ಕಟ್ಟಿಗೆ ಹಾಕಿದೀನಿ."

"ಗುಲಾಬಿ ಇದ್ದದ್ದನ್ನ ಆರಿಸಿದೆ. ಬಿಳಿ ತೇಪೆ ಇದ್ದಿದ್ದರೆ?"

"ಬಿಳಿ ತೇಪೆ ಯಾರು ಹಾಕ್ತಾರೆ?"

"ಅದನ್ನೇ ಕೇಳ್ತಿದೀನಿ. ಹಳೇ ಕಟ್ಟು ನಿಜವಾಗ್ಲೂ ಬಿಸಾಕಿದ್ಯಾ?"

ಯೋಸ್ತೈನ್ ಸುತ್ತ ನೋಡಿದ. "ಕ್ರಾಗ್ ಸಾಹೇಬ್ರು ಬಂದವರೇ ಕೋಟೂ ಬಿಚ್ಚದೆ ಅದನ್ನೇ ಕೇಳಿದರು. ಮುಖ ನೋಡಿ ಹೆದರಿ ಬಿಸಾಕಿದೆ ಅಂದೆ. ಹೊಸ ಕಟ್ಟು ನಾಲ್ಕಾರು ಸಲ ಸರಿಯಾಗಿ ಓಡೋವರೆಗೆ ಹಳೇದನ್ನ ಯಾರಾದರೂ ಬಿಸಾಕ್ತಾರಾ?"

ಕಟ್ಟು ಅವನ ಬೀರುವಿನಲ್ಲಿ, ಹಿಮದಲ್ಲಿ ಜಾರುವ ಬೂಟುಗಳ ಹಿಂದೆ ಇತ್ತು.

ಮೂಲ ಬರಹ ಒಂದೇ ಆದರೆ ಎರಡು ಕಟ್ಟುಗಳೂ ಒಂದೇ ಆಗಿರಬೇಕು. ಗುಲಾಬಿ ಕಾರ್ಡುಗಳನ್ನು ಪಕ್ಕಕ್ಕಿಟ್ಟು ಇಬ್ಬರೂ ಕಿಟಕಿಯ ಬಳಿ ನಿಂತರು. ಹಳೆಯ ಕಾರ್ಡಿನ ಮೇಲೆ ಹೊಸ ಕಾರ್ಡು ಇಟ್ಟು ಬೆಳಕಿಗೆ ಹಿಡಿಯುವುದು. ಪ್ರತಿ ತೂತಿನಿಂದಲೂ ಬೆಳಕು ಬಂದರೆ ಸರಿ, ಮುಂದಿನದು. ಸೂಲ್‌ಹೈಮ್‌ಗೆ ಈ ಆಟ ಹಿಡಿಸಿತು. ಕೈ ಸೋತರೂ ಬಿಡಲಿಲ್ಲ. ಕಾರ್ಡಿಗೆ ಕಾರ್ಡು ಕೂಡಿ ಬರುತ್ತ ಕಟ್ಟು ಮುಗಿಯುತ್ತ ಬಂತು. ಹೊಸ ಕಟ್ಟಿನ ಕೊನೆಯ ಕಾರ್ಡು ಕೈಗೆ ಬಂದಾಗ ಹಳೆಯದರಲ್ಲಿ ಎರಡು ಉಳಿದಿದ್ದವು.

ಹೆಚ್ಚಿನದು ಬಿಳಿ ಕಾರ್ಡು. ಯೋಸ್ತೈನ್ ಅದರ ತೂತುಗಳನ್ನು ಓದಲು ಕೂತ. ಓದುತ್ತ ಓದುತ್ತ ಅವನ ಮುಖ ಬಿಳಿಚಿಕೊಂಡಿತು.

"ಅರ್ಜಿ ನಂಬರು ಇದಾದರೆ, ಅಂಕ ಅರ್ಧ ಮಾಡು. ಅಷ್ಟೇ ಇರೋದು."

"ನಂಬರು ಯಾರದ್ದು?"

"ಗುನ್ವೋರ್‌ದು." ಅವನು ಕಾರ್ಡನ್ನು ಮೇಜಿನ ಮೇಲಿಟ್ಟ. "ಎಷ್ಟು ಚೊಕ್ಕಟವಾಗಿ ಮಾಡಿದಾರೆ ನೋಡಿ. ಸೊನ್ನೆ ಮಾಡಿದ್ದರೆ ಯಾರಾದರೂ ಕೇಳ್ತಿದ್ರು. ಅರ್ಧ ಅಂದರೆ ಪಟ್ಟಿಯಲ್ಲೇ ಇರ್ತಾಳೆ, ಮನೆ ಮಾತ್ರ ಸಿಗಲ್ಲ."

ಸೂಲ್‌ಹೈಮ್ ಕಾರ್ಡಿನ ಮೇಲಂಚನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. ಆಮೇಲೆ ಗುಲಾಬಿ ಕಾರ್ಡುಗಳ ಅಂಚನ್ನೂ ನೋಡಿದ. ಬಿಳಿಯ ಕಾರ್ಡನ್ನು ಜೇಬಿಗೆ ಹಾಕಿಕೊಂಡ.

"ಗುಲಾಬಿ ಕಾರ್ಡುಗಳನ್ನ ಹಳೇ ಕಟ್ಟಿಗೆ ವಾಪಸು ಹಾಕು. ಕಟ್ಟು ಮೊದಲಿದ್ದ ಹಾಗೆ ಕಾಣಬೇಕು."

* * *

ಶುಕ್ರವಾರ ಬೆಳಿಗ್ಗೆ ಯಂತ್ರದ ಕೋಣೆಯಲ್ಲಿ ಐವರು ಸೇರಿದರು. ಫ್ರೂ ಬಿರ್ಕೆಲಾಂಡ್ ಕೋಟಿನ ಗುಂಡಿ ತಿರುವುತ್ತಿದ್ದರು. ಗುನ್ವೋರ್ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದಳು. ಸೂಲ್‌ಹೈಮ್ ಹಳೆಯ ಕಟ್ಟನ್ನು ಮೇಜಿನ ಮೇಲಿಟ್ಟ.

ಕ್ರಾಗ್ ಯೋಸ್ತೈನ್ ಕಡೆ ನೋಡಿದ. "ಬಿಸಾಕಿದೆ ಅಂದಿದ್ದೆ."

"ಬೀರುವಿನಲ್ಲಿ ಸಿಕ್ತು," ಎಂದ ಸೂಲ್‌ಹೈಮ್. "ಹೊಸ ಕಟ್ಟಿನಲ್ಲಿ ಮೋಸ ಆಗಿದ್ಯೋ ಇಲ್ವೋ ಅಂತ ನನಗೆ ಗೊತ್ತಾಗ್ತಿಲ್ಲ. ಈ ವರ್ಷದ ಅರ್ಜಿಗಳನ್ನೇ ಹಳೇ ಕಟ್ಟಿನಿಂದ ಓಡಿಸಿದರೆ? ಎರಡು ಪಟ್ಟಿ ಪಕ್ಕಪಕ್ಕ ಇಟ್ಟು ನೋಡಬಹುದು."

ಕ್ರಾಗ್ ಕಟ್ಟನ್ನು ಕೈಗೆತ್ತಿಕೊಂಡ. ಹಸಿರು ಗೆರೆ ನೋಡಿದ, ತುದಿಯ ಗುಲಾಬಿ ಕಾರ್ಡುಗಳನ್ನು ನೋಡಿದ. ಅವನ ಭುಜ ಸಡಿಲವಾಯಿತು.

"ಒಳ್ಳೇ ಯೋಚನೆ. ಇದು ನನ್ನ ಕಟ್ಟು, ಇದಕ್ಕೆ ಯಾರೂ ಕೈ ಹಚ್ಚಿಲ್ಲ. ಸತ್ಯ ಇದೇ ಹೇಳತ್ತೆ."

ತಾನೇ ಕಾರ್ಡುಗಳನ್ನು ಕುಟ್ಟಿ ಸಮ ಮಾಡಿ ಯಂತ್ರದ ಬಾಯಿಗಿಟ್ಟ. ಸವೆದ ಕಾರ್ಡುಗಳು ಎರಡು ಸಲ ಸಿಕ್ಕಿಕೊಂಡವು. ಮೂರನೆಯ ಸಲ ಸರಾಗವಾಗಿ ಹೋದವು. ಅರ್ಜಿಗಳ ಕಾರ್ಡುಗಳೂ ಹೋದವು. ಅಚ್ಚಿನ ಯಂತ್ರ ಕೂಗತೊಡಗಿತು.

ಮೊದಲ ಹಾಳೆ ಬಂತು. ಫ್ರೂ ಬಿರ್ಕೆಲಾಂಡ್ ಓದಿದರು. "ಒಂದನೇ ಹೆಸರು, ಗುನ್ವೋರ್ ಐಡೆ."

"ಸಾಧ್ಯವಿಲ್ಲ," ಎಂದ ಕ್ರಾಗ್. ಹಾಳೆ ಕಿತ್ತುಕೊಂಡು ನೋಡಿದ. ಯಂತ್ರದ ಬಳಿ ಹೋಗಿ ಕಟ್ಟಿನ ತುದಿಯನ್ನು ಬೆರಳಿನಿಂದ ಬಿಡಿಸಿದ. ಗುಲಾಬಿ, ಗುಲಾಬಿ, ಗುಲಾಬಿ, ಅದರ ಹಿಂದಿನದು. ಮತ್ತೆ ಬಿಡಿಸಿದ. "ಯಾರು ಇದನ್ನ ಮುಟ್ಟಿದ್ದು? ಇದರಲ್ಲಿ ಒಂದು ಕಾರ್ಡು ಕಮ್ಮಿ ಇದೆ."



"ಯಾವ ಕಾರ್ಡು?" ಎಂದ ಸೂಲ್‌ಹೈಮ್.

ಕ್ರಾಗ್ ತಲೆಯೆತ್ತಿದ.

"ಗುಲಾಬಿ ಎಲ್ಲ ಇವೆ, ನೀವೇ ನೋಡಿದ್ರಿ. ಪ್ರೋಗ್ರಾಂ ಎಲ್ಲೂ ತಡವರಿಸದೆ ಮುಗೀತು. ಮೂಲ ಬರಹದಿಂದ ಬಂದ ಒಂದೇ ಒಂದು ಕಾರ್ಡು ಹೋಗಿದ್ದರೂ ಯಂತ್ರ ನಿಂತುಬಿಡ್ತಿತ್ತಂತೆ, ಯೋಸ್ತೈನ್ ಹೇಳಿದ. ಇಷ್ಟು ದಪ್ಪದ ಕಟ್ಟಿನಲ್ಲಿ ಕಮ್ಮಿಯಾಗಿದ್ದು ನಿಮಗೊಬ್ಬರಿಗೇ ಹೇಗೆ ಕಂಡಿತು?"

ಸೂಲ್‌ಹೈಮ್ ಜೇಬಿನಿಂದ ಬಿಳಿಯ ಕಾರ್ಡು ತೆಗೆದ.

"ಇದನ್ನೇ ಹುಡುಕ್ತಿದೀರಿ. ಗುನ್ವೋರ್ ನಂಬರು ಬಂದರೆ ಅಂಕ ಅರ್ಧ ಮಾಡೋ ತೇಪೆ. ಇದನ್ನ ಯಾರು ಹಾಕಿದರು ಅಂತ ನಾನೂ ತಲೆ ಕೆರಕೊಂಡೆ. ಗುನ್ವೋರ್ ತನ್ನ ಹೊಟ್ಟೆ ಮೇಲೆ ತಾನೇ ಹೊಡಕೊಳ್ಳಲ್ಲ. ಯೋಸ್ತೈನ್ ಆಗ ಇಲ್ಲಿರಲೇ ಇಲ್ಲ. ಆಮೇಲೆ ಅಂಚು ನೋಡಿದೆ. ಇಲ್ಲಿ ಹಸಿರು ಚುಕ್ಕೆ ಇದೆ. ಅಕ್ಕಪಕ್ಕದ ಕಾರ್ಡಿನ ಚುಕ್ಕೆ ಜೊತೆ ಸಾಲಾಗಿ ಕೂರತ್ತೆ. ಗುಲಾಬಿ ಕಾರ್ಡುಗಳ ಮೇಲೆ ಚುಕ್ಕೆ ಇಲ್ಲ, ಅವೆಲ್ಲ ಆಮೇಲೆ ಸೇರಿದ್ದು. ಅಂದರೆ ನೀವು ಗೆರೆ ಎಳೆದಾಗ ಈ ಕಾರ್ಡು ಆಗಲೇ ಒಳಗಿತ್ತು. ಹೊಸ ಕಟ್ಟು ಬಂದ ಕೂಡಲೇ ಎಳೀತೀವಿ ಅಂತ ನೀವೇ ಪಾಠ ಹೇಳಿದ್ರಿ. ಹಸಿರು ನಂದು ಅಂತಾನೂ ಹೇಳಿದ್ರಿ."

"ಶಾಯಿ ಯಾರು ಬೇಕಾದರೂ ಹಚ್ಚಬಹುದು."

"ಹಚ್ಚಬಹುದು. ಅದಕ್ಕೇ ಅಷ್ಟಕ್ಕೇ ನಿಲ್ಲಿಸಲಿಲ್ಲ, ನಿಮ್ಮ ಕೈಯಲ್ಲೇ ಓಡಿಸಿದೆ. ಬಣ್ಣದ ಪದ್ಧತಿ ಮಾಡಿದವರು ನೀವು. ಅದರೊಳಗೆ ಅಡಗೋಕೆ ಬಿಳಿ ಕಾರ್ಡು ಆರಿಸಿದವರೂ ನೀವು. ಗುಲಾಬಿಯಲ್ಲೇ ಹಾಕಿದ್ದರೆ ಯೋಸ್ತೈನ್ ಜೋಪಾನವಾಗಿ ಹೊಸ ಕಟ್ಟಿಗೆ ದಾಟಿಸ್ತಿದ್ದ. ಬಚ್ಚಿಟ್ಟಿದ್ದಕ್ಕೇ ಅದು ಹಿಂದೆ ಉಳೀತು. ಬಂದವರೇ ಹಳೇ ಕಟ್ಟು ಕೇಳಿದ್ರಿ. ಹೋಯ್ತು ಅಂತ ತಿಳಿದು, ಇವಳೇ ಕಳ್ಳಿ ಅಂತ ನನಗೆ ತೋರಿಸಿದ್ರಿ."

ಕ್ರಾಗ್ ಕುರ್ಚಿ ಎಳೆದು ಕೂತ. ಅವನ ದನಿ ಈಗಲೂ ಮೃದುವಾಗಿಯೇ ಇತ್ತು. ಸೂಲ್‌ಹೈಮ್‌ಗೆ ಅದೇ ಹೆಚ್ಚು ಸಿಟ್ಟು ತರಿಸಿತು.

"ಲಿಯೆನ್‌ಗೆ ರಾತ್ರಿ ಬಸ್ಸಿಲ್ಲ," ಎಂದ ಕ್ರಾಗ್. "ಅಲ್ಲಿಗೆ ಹೋದವರು ಯಾರೂ ರಾತ್ರಿ ಪಾಳಿಗೆ ಬರಲ್ಲ. ಇವಳು ರಸ್ತೆಯಾಚೆ ಇದ್ದಳು. ಯಂತ್ರ ಕೆಟ್ಟರೆ ಬಾಗಿಲು ತಟ್ಟಿದರೆ ಸಾಕಿತ್ತು. ಇಂಥ ಇನ್ನೊಬ್ಬಳನ್ನ ಎಲ್ಲಿಂದ ತರಲಿ? ಒಂದು ವರ್ಷ ಅಂತ ಹಾಕಿದೆ. ಮುಂದಿನ ವರ್ಷ ತೆಗೀತೀನಿ ಅಂತ ಪ್ರತಿ ವರ್ಷ ಅಂದುಕೊಂಡೆ."

"ನನ್ನನ್ನ ಒಂದು ಮಾತು ಕೇಳಬಹುದಿತ್ತು," ಎಂದಳು ಗುನ್ವೋರ್.

"ಇರ್ತಿದ್ಯಾ?"

"ಇಲ್ಲ."

ಫ್ರೂ ಬಿರ್ಕೆಲಾಂಡ್ ಅವಳ ಹತ್ತಿರ ಬಂದರು. "ನನ್ನದು ತಪ್ಪಾಯ್ತಮ್ಮ. ಶನಿವಾರದವರೆಗೆ ಕಾಯಬೇಡ. ಕೀಲಿಕೈ ಈಗಲೇ ಕೊಡ್ತೀನಿ, ಬಾ."

ಗುನ್ವೋರ್ ಕದಲಲಿಲ್ಲ. ಅವಳು ಯೋಸ್ತೈನ್ ಕಡೆ ತಿರುಗಿದಳು.

"ನಾನು ಅರ್ಜಿ ಹಾಕಿದ ಮೊದಲ ವರ್ಷದ ಕಾರ್ಡುಗಳು ಕಪಾಟಿನಲ್ಲಿವೆ. ಈ ಕಟ್ಟಿನಿಂದಲೇ ಓಡಿಸು. ಆ ಬಿಳಿ ಕಾರ್ಡಿಲ್ಲದೆ."

"ಈಗ ಅದು ಯಾಕೆ ಗುನ್ವೋರ್?"

"ನನಗೆ ಗೊತ್ತಾಗಬೇಕು."

ಯೋಸ್ತೈನ್ ಸೂಲ್‌ಹೈಮ್‌ನ ಮುಖ ನೋಡಿದ. ಸೂಲ್‌ಹೈಮ್ ತಲೆಯಾಡಿಸಿದ. ಕಾರ್ಡುಗಳು ಪಟಪಟ ಓಡಿದವು. ಹಾಳೆ ಮೇಲೆ ಬಂತು. ಆ ವರ್ಷ ಸಿಕ್ಕಿದ್ದ ಮನೆಗಳು ಕೆಲವೇ. ಯೋಸ್ತೈನ್ ಬೆರಳಿಟ್ಟು ಇಳಿಯುತ್ತ ಹೋಗಿ, ಅಷ್ಟು ಹೆಸರು ಮುಗಿಯುವ ಮೊದಲೇ ನಿಂತ. ಓದಲಿಲ್ಲ. ಹಾಳೆಯನ್ನು ಅವಳ ಕಡೆ ತಿರುಗಿಸಿ ಹಿಡಿದ.

ಗುನ್ವೋರ್ ತನ್ನ ಹೆಸರು ನೋಡಿದಳು. ಬಹಳ ಹೊತ್ತು ನೋಡಿದಳು. ಅಳುತ್ತಾಳೆಂದು ಸೂಲ್‌ಹೈಮ್ ಅಂದುಕೊಂಡ. ಅವಳು ಅಳಲಿಲ್ಲ.

"ಆಗ ಟೂನೆಗೆ ಕೆಮ್ಮೇ ಶುರುವಾಗಿರಲಿಲ್ಲ," ಎಂದಳು.

ಕ್ರಾಗ್ ಮೊದಲ ಸಲ ನೆಲ ನೋಡಿದ. ಗುನ್ವೋರ್ ಹಾಳೆಯನ್ನು ಅವನ ಮುಂದಿನ ಮೇಜಿನ ಮೇಲಿಟ್ಟು, ಮಗುವನ್ನು ಕರೆತರಲು ರಸ್ತೆ ದಾಟಿ ಹೋದಳು.